ಮುದ್ದೇಬಿಹಾಳದಲ್ಲಿ ತಿಂದ ಸಕ್ಕರೆ

ಮುದ್ದೇಬಿಹಾಳಕ್ಕೆ ಹೋಗಬಾರದೆಂದು ನಾನು ಯಾರ ಮುಂದೆಯೂ ಆಣೆ ಮಾಡಿದವನಲ್ಲ. ಆದರೂ ಐವತ್ತು ವರ್ಷದ ಹತ್ತಿರ ಆ ಊರಿನ ಹಾದಿ ತುಳಿದಿರಲಿಲ್ಲ. ಮದುವೆಗೆ ಕರೆದರೆ ಜ್ವರ ಬಂದಿದೆ ಎಂದೆ, ಮಣ್ಣಿಗೆ ಕರೆದರೆ ಬಸ್ಸು ತಪ್ಪಿತು ಎಂದೆ. ಈ ಸಲದ ಮಾಘದಲ್ಲಿ ತಪ್ಪಿಸಿಕೊಳ್ಳಲು ಆಗಲಿಲ್ಲ. ಅಣ್ಣನ ಮೊಮ್ಮಗನಿಗೆ ಅಲ್ಲಿ ಒಂದು ಕನ್ಯೆ ಗೊತ್ತಾಗಿತ್ತು. ಅಣ್ಣ ಇಲ್ಲ, ಮನೆತನದಲ್ಲಿ ಉಳಿದ ಹಿರಿಯ ನಾನೊಬ್ಬನೇ. ಹಿರಿಯನನ್ನು ಬಿಟ್ಟು ಕನ್ಯೆ ನೋಡಲು ಹೋಗುವ ಪದ್ಧತಿ ನಮ್ಮ ಕಡೆ ಇಲ್ಲ. ಹೆಗಲಿಗೆ ಹೊಸ ಟವೆಲು ಹಾಕಿ, ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರು.

ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿತ್ತು. ಸೋಫಾ, ಗೋಡೆಗೆ ಟೀವಿ, ಎಲ್ಲ ಇದ್ದವರ ಮನೆ. ನಮ್ಮನ್ನು ಕೂರಿಸಿ ಊರು ಕೇರಿ ಮಾತಾಡುತ್ತಿದ್ದರು. ಒಳಗೆ ಯಾರೋ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಆ ವಾಸನೆ ಬಂತು ನೋಡಿ, ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟೆ. ಅದು ಕುಸುಬಿ ಎಣ್ಣೆ. ಈಗ ಎಲ್ಲರೂ ಅಂಗಡಿಯ ಪಾಕೀಟಿನ ಎಣ್ಣೆ ತಿನ್ನುತ್ತಾರೆ. ಆ ಮನೆಯವರಿಗೆ ಮಾತ್ರ ಹಳೆಯ ರುಚಿ ಬಿಟ್ಟಿರಲಿಲ್ಲವೆಂದು ಕಾಣುತ್ತದೆ. ಕುಸುಬಿ ಎಣ್ಣೆಯಲ್ಲಿ ಶೇಂಗಾ ಹುರಿಯುವ ಆ ವಾಸನೆಯನ್ನು ಇದೇ ಊರಿನ ಇನ್ನೊಂದು ಮನೆಯಲ್ಲಿ ಮೂಗು ತುಂಬ ಕುಡಿದಿದ್ದೆ. ಆಗ ನಾನು ಹಿರಿಯನಾಗಿ ಬಂದಿರಲಿಲ್ಲ, ವರನಾಗಿ ಬಂದಿದ್ದೆ.

ಎಪ್ಪತ್ತರ ದಶಕದ ಆ ದೊಡ್ಡ ಬರ ಹೋಗಿ ಎರಡು ಸುಗ್ಗಿ ಆಗಿದ್ದವು. ಬರದಲ್ಲಿ ನಮ್ಮ ಕಡೆ ಮದುವೆಗಳೇ ಆಗಿರಲಿಲ್ಲ. ಉಣ್ಣಲು ಇಲ್ಲದಾಗ ಹಂದರ ಯಾರು ಹಾಕುತ್ತಾರೆ? ಹೀಗಾಗಿ ಮನೆಮನೆಯಲ್ಲಿ ವಯಸ್ಸು ದಾಟುತ್ತಿದ್ದ ಹೆಣ್ಣುಮಕ್ಕಳು ಉಳಿದುಕೊಂಡಿದ್ದರು. ಸುಗ್ಗಿ ಬಂದ ಕೂಡಲೇ ಎಲ್ಲ ತಂದೆಯರಿಗೂ ಒಮ್ಮೆಲೇ ಅವಸರ ಹತ್ತಿತು. ವರ ಬಂದಿದ್ದಾನೆ ಎಂದರೆ ಸಾಕು, ಯಾರು, ಎಂಥವರು ಎಂದು ಹೆಚ್ಚು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಆ ಅವಸರವೇ ನಮಗೆ ಆಟವಾಯಿತು.

ನಾನು ಆಗ ಇಂಡಿಯಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ಚೆಂದ ಇದ್ದವು, ಬಿಳಿ ಪೈಜಾಮಾ ಹಾಕಿಕೊಳ್ಳುತ್ತಿದ್ದೆ. ಸಾಹುಕಾರನ ಮಗ ಚಂದ್ರಾಮ ನನ್ನ ಓರಗೆಯವನು. ಅವನ ಹತ್ತಿರ ಫಟಫಟಿ, ಎಂದರೆ ಮೋಟರ್ ಸೈಕಲ್ಲು, ಇತ್ತು. ಇಡೀ ತಾಲೂಕಿನಲ್ಲಿ ಬೆರಳಲ್ಲಿ ಎಣಿಸುವಷ್ಟು ಫಟಫಟಿ ಇದ್ದ ಕಾಲ ಅದು. ಮೂರನೆಯವನು ಗುರಪ್ಪ ಕಾಕಾ. ಹೆಂಡತಿ ಮಕ್ಕಳಿಲ್ಲದ, ಅವರಿವರ ಮನೆಯಲ್ಲಿ ಉಂಡು ಬದುಕುವ ಮುದುಕ. ರುಮಾಲು ಸುತ್ತಿ ಕೂತರೆ ಮಾತ್ರ ಯಾವುದೋ ಊರಿನ ಗೌಡನ ಹಾಗೆ ಕಾಣುತ್ತಿದ್ದ. ಅವನಿಗೆ ಹೊಟ್ಟೆ ತುಂಬಬೇಕು, ನಮಗೆ ಹೊತ್ತು ಹೋಗಬೇಕು.

ಆಟ ಹೀಗಿತ್ತು. ದೀಪಾವಳಿಯ ನಂತರ ಅಂಗಡಿಗೆ ಸೂಟಿ ಇದ್ದ ದಿನ ಮೂವರೂ ಫಟಫಟಿ ಏರುವುದು, ನಡುವೆ ಕಾಕಾ. ನಮ್ಮ ಗುರುತಿಲ್ಲದ ಒಂದು ಊರಿಗೆ ಹೋಗುವುದು. ಅಲ್ಲಿ ಚಹಾದಂಗಡಿಯಲ್ಲಿ ಕೂತು ಕಾಕಾ ದೊಡ್ಡ ದನಿಯಲ್ಲಿ, ನಮ್ಮ ಮಂದಿ ಮನೆ ಎಲ್ಲಿವೆ, ಹುಡುಗನಿಗೆ ಕನ್ಯೆ ಹುಡುಕುತ್ತಿದ್ದೇವೆ ಎಂದು ಕೇಳುವುದು. ಚಹಾ ಮುಗಿಯುವುದರೊಳಗೆ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಕಾಲಿಗೆ ನೀರು ಕೊಡುತ್ತಿದ್ದರು, ಕಂಬಳಿ ಹಾಸುತ್ತಿದ್ದರು. ಅವಲಕ್ಕಿ ಬರುತ್ತಿತ್ತು, ಚಹಾ ಬರುತ್ತಿತ್ತು. ಆಮೇಲೆ ಹುಡುಗಿ ಬರುತ್ತಿದ್ದಳು. ನೋಡಿ, ಕೇಳಿ, 'ಊರಿಗೆ ಹೋಗಿ ಹೇಳಿ ಕಳಸ್ತೇವ್ರಿ' ಎಂದು ಎದ್ದು ಬರುತ್ತಿದ್ದೆವು. ಒಂದು ಸಲ ಚಂದ್ರಾಮ ವರ, ಇನ್ನೊಂದು ಸಲ ನಾನು. ಊರು ಕೇಳಿದರೆ ತಾಂಬಾ ಎನ್ನುತ್ತಿದ್ದೆವು. ಹೆಸರು ಬಾಯಿಗೆ ಬಂದದ್ದು.

ಮೋರಟಗಿಯಲ್ಲಿ ಒಬ್ಬ ಹುಡುಗಿಗೆ ಕಾಲು ಕುಂಟು ಇರಬಹುದೆಂದು ಅಂಗಳದ ತುಂಬ ನಡೆದಾಡಿಸಿದೆವು. ಕುಂಟು ಇರಲಿಲ್ಲ, ನಮಗೂ ಗೊತ್ತಿತ್ತು. ಮಸೂತಿಯಲ್ಲಿ ಒಬ್ಬಳ ಹೆರಳು ಬಿಚ್ಚಿಸಿ ಚೌರಿ ಕೂಡಿಸಿದ್ದಾಳೋ ಹೇಗೋ ಎಂದು ಎಳೆದು ನೋಡಿದೆವು. ಒಂದು ಊರಿನಲ್ಲಿ ಒಂದೇ ದಿನ ಎರಡು ಮನೆಗೆ ಹೋದಾಗ ಎರಡನೆಯ ಹುಡುಗಿಯ ಮೈಮೇಲೆ ಮೊದಲನೆಯವಳು ಉಟ್ಟಿದ್ದ ಸೀರೆಯೇ ಇತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆಯಲಾಗದೆ ಕೆಮ್ಮಿದೆವು. ಆ ಹುಡುಗಿಗೆ ತಿಳಿಯಿತು. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿಯೇ ಇದ್ದಳು. ನನಗೆ ಇಷ್ಟವಾದ ಪರೀಕ್ಷೆ ಎಂದರೆ ಸೂಜಿಯದು. ಸಣ್ಣ ಸೂಜಿ ತರಿಸಿ, ಎಲ್ಲರ ಮುಂದೆ ದಾರ ಪೋಣಿಸಲು ಹೇಳುವುದು. ಅಷ್ಟು ಮಂದಿ ನೋಡುವಾಗ ಯಾರ ಕೈ ನಡುಗುವುದಿಲ್ಲ? ನಡುಗಿದರೆ ನಾನು ಕಾಕಾನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದೆ. ಅದನ್ನು ಕಂಡು ಬಾಗಿಲಲ್ಲಿ ನಿಂತ ತಾಯಿಯ ಮುಖ ಸಣ್ಣದಾಗುತ್ತಿತ್ತು.

ತಿರುಗಿ ಬರುವಾಗ ದಾರಿಯ ಎರಡೂ ಕಡೆ ಎರೆಹೊಲದಲ್ಲಿ ಜೋಳ ತೆನೆ ಹಾಯ್ದು ನಿಂತಿರುತ್ತಿತ್ತು. ಅಂಚಿಗೆ ಕುಸುಬಿ ಹಳದಿ ಹೂ ಬಿಟ್ಟಿರುತ್ತಿತ್ತು. ಮೂಡಗಾಳಿ ಕಿವಿ ಕೊರೆಯುತ್ತಿತ್ತು. ಯಾವುದಾದರೂ ಹೊಲದಲ್ಲಿ ಸೀತನಿ ಸುಡುತ್ತಿದ್ದರೆ ನಿಂತು, ಎಳೆಯ ಜೋಳದ ತೆನೆ ಉಜ್ಜಿಸಿಕೊಂಡು ತಿಂದು ಬರುತ್ತಿದ್ದೆವು. ಹುಡುಗಿಯರ ನಡಿಗೆಯನ್ನು ಚಂದ್ರಾಮ ಹೊಲದ ಬದುವಿನ ಮೇಲೆ ನಡೆದು ತೋರಿಸುತ್ತಿದ್ದ. ಹುಡುಗಿ ಹೇಗಿದ್ದಳು ಎಂದು ನಾವು ಮಾತಾಡುತ್ತಿರಲಿಲ್ಲ, ಅವಲಕ್ಕಿ ಹೇಗಿತ್ತು ಎಂದು ಮಾತಾಡುತ್ತಿದ್ದೆವು.

ಇನ್ನೂ ಒಂದು ಮಾತು ಹೇಳಬೇಕು. ನನ್ನ ಮದುವೆ ನನ್ನ ಸೋದರಮಾವನ ಮಗಳ ಜೊತೆ ಮೊದಲೇ ಗಟ್ಟಿಯಾಗಿತ್ತು. ಯುಗಾದಿ ಆದ ಮೇಲೆ ಅಕ್ಷತೆ ಎಂದು ಮಾವ ಮುಹೂರ್ತ ತೆಗೆಸಿದ್ದ. ಎಂದರೆ ಆ ಸುಗ್ಗಿಯಲ್ಲಿ ನಾನು ನೋಡಿದ ಒಂದು ಹುಡುಗಿಯನ್ನೂ ಒಪ್ಪುವ ಮಾತೇ ಇರಲಿಲ್ಲ.

ಈ ಆಟಕ್ಕೆ ಒಂದೇ ಒಂದು ಕಟ್ಟಳೆ ಇತ್ತು. ಅದನ್ನು ಹಾಕಿದವನು ಗುರಪ್ಪ ಕಾಕಾ. ಕನ್ಯೆ ನೋಡಲು ಹೋದವರು ಖಾರದ ಅವಲಕ್ಕಿ ಎಷ್ಟು ಬೇಕಾದರೂ ತಿನ್ನಬಹುದು, ಸಕ್ಕರೆ ಮಾತ್ರ ಬಾಯಿಗೆ ಹಾಕಬಾರದು. ಕನ್ಯೆಯ ಕಡೆಯವರು ಅಂಗೈಗೆ ಹಾಕಿದ ಸಕ್ಕರೆಯನ್ನು ವರ ತಿಂದರೆ ಮಾತು ಮುಗಿಯಿತು, ಆ ಹುಡುಗಿ ಅವನವಳು. ಕೇರಿಗೆಲ್ಲ ಸಕ್ಕರೆ ಹಂಚುತ್ತಾರೆ, ಹುಡುಗಿಗೆ ಹಸಿರು ಬಳೆ ಇಡಿಸುತ್ತಾರೆ. ಆಮೇಲೆ ಇನ್ನೊಬ್ಬ ವರ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಕಾಕಾ ಪ್ರತಿ ಸಲ ಊರು ಹತ್ತಿರ ಬಂದಾಗ ನಮ್ಮಿಬ್ಬರಿಗೂ ಅದನ್ನು ನೆನಪಿಸುತ್ತಿದ್ದ.

ಸಂಕ್ರಾಂತಿ ಆದ ಮೇಲೆ ಒಂದು ದಿನ ಮುದ್ದೇಬಿಹಾಳಕ್ಕೆ ಹೋದೆವು. ದೂರದ ಊರು, ನಮ್ಮನ್ನು ಕಂಡವರು ಯಾರೂ ಇಲ್ಲವೆಂದೇ ಆರಿಸಿದ್ದೆವು. ಚುಕ್ಕಿ ಇರುವಾಗಲೇ ಹೊರಟು ಬಿಜಾಪುರ, ಬಾಗೇವಾಡಿ ದಾಟಿ ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ಸಣ್ಣ ಊರು. ಬಸ್‌ ನಿಲ್ದಾಣ, ಎರಡು ಚಹಾದಂಗಡಿ, ಒಂದು ಸಂತೆ ಬಯಲು, ಅದರ ಹಿಂದೆ ಮಣ್ಣಿನ ಮಾಳಿಗೆಯ ಮನೆಗಳು. ಆ ಕೇರಿಯ ಕೊನೆಯಲ್ಲಿ ಗಾಣದ ಬಸಲಿಂಗಪ್ಪನ ಮನೆ. ನನ್ನ ಪಾಳಿ. ಆ ದಿನ ನಾನು ತಾಂಬಾದ ಸಿದರಾಯ.

ಬಸಲಿಂಗಪ್ಪ ಮಾತು ಕಡಿಮೆಯ ಮನುಷ್ಯ. ನಮ್ಮನ್ನು ಕಂಡು ಗಾಣದ ಎತ್ತನ್ನು ಬಿಚ್ಚಿ, ಎಣ್ಣೆಯ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಬಂದ. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಅವನ ಮುದಿ ತಾಯಿ, ಮತ್ತು ಮಗಳು ಶಾಂತವ್ವ. ನಾನು ಹೊಸ್ತಿಲು ದಾಟುವಾಗ ಮುದುಕಿ ಒಳಗಿನಿಂದಲೇ, 'ಬಲಗಾಲಿಡೋ ನಮ್ಮಪ್ಪ, ಎಡಗಾಲಿಟ್ಟಿ' ಎಂದಳು. ನಾನು ಎಡಗಾಲಿಟ್ಟಿದ್ದೆ. ನಕ್ಕು ಒಳಗೆ ಹೋದೆ.

ಅವಲಕ್ಕಿ ಬಂತು. ಅಷ್ಟು ಚೆಂದದ ಅವಲಕ್ಕಿಯನ್ನು ಆ ಸುಗ್ಗಿಯಲ್ಲಿ ನಾವು ಎಲ್ಲಿಯೂ ತಿಂದಿರಲಿಲ್ಲ. ಆಗ ತಾನೇ ಗಾಣದಿಂದ ಇಳಿದ ಎಣ್ಣೆ. ಕಾಕಾ ಎರಡು ಸಲ ಹಾಕಿಸಿಕೊಂಡ. ಶಾಂತವ್ವ ಚಹಾ ತಂದಿಟ್ಟು ಎದುರಿಗೆ ಕೂತಳು. ಕಪ್ಪು ಬಣ್ಣ, ಎತ್ತರ, ಸಾದಾ ಇಳಕಲ್ ಸೀರೆ. ತಲೆ ತಗ್ಗಿಸಿರಲಿಲ್ಲ. ಸೂಜಿ ತರಲು ಹೇಳಿದೆ. ಅವಳು ಮಗ್ಗುಲಲ್ಲೇ ಇಟ್ಟಿದ್ದ ಹಳೆ ಅರಿವೆಯ ಕೌದಿಯಿಂದ ಒಂದು ಸೂಜಿ ಕಿತ್ತು, ದಾರದ ತುದಿಯನ್ನು ತುಟಿಗೆ ಒತ್ತಿ, ಒಂದೇ ಸಲಕ್ಕೆ ಪೋಣಿಸಿ, ಸೂಜಿಯನ್ನು ನನ್ನ ಮುಂದೆ ಇಟ್ಟಳು. ನನಗೆ ಸಿಟ್ಟು ಬಂತು. ಗತ್ತಿನಿಂದ ಕೇಳಿದೆ.

'ರೊಟ್ಟಿ ಬಡಿಯಾಕ ಬರತೈತೇನು?'

'ಬರತೈತ್ರಿ,' ಎಂದಳು. 'ನಿಮಗ ದುಡಿಯಾಕ ಬರತೈತೇನ್ರಿ?'

ಮೊದಲು ನಕ್ಕವನು ಚಂದ್ರಾಮ. ಚಹಾ ಮೂಗಿಗೆ ಏರಿ, ಕೆಮ್ಮಿ, ಮತ್ತೆ ನಕ್ಕ. ಬಾಗಿಲಲ್ಲಿ ಕೂಡಿದ್ದ ಕೇರಿಯ ಹೆಂಗಸರು ನಕ್ಕರು. ಕಾಕಾನೂ ರುಮಾಲು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದ. ಬಸಲಿಂಗಪ್ಪ ಒಬ್ಬ ಮಾತ್ರ ಗಾಬರಿಯಾಗಿ, ತಾಯಿ ಇಲ್ಲದ ಮಗಳು, ಮಾತು ಸ್ವಲ್ಪ ಹೆಚ್ಚು, ಮನಸ್ಸಿಗೆ ತಂದುಕೊಳ್ಳಬೇಡಿ ಎಂದು ಬೇಡಿಕೊಂಡ. ನಾನು ಮುಖದ ಮೇಲೆ ನಗು ಹಚ್ಚಿಕೊಂಡೆ. ಒಳಗೆ ಸುಡುತ್ತಿತ್ತು. ಅಷ್ಟು ಊರು, ಅಷ್ಟು ಹುಡುಗಿಯರು, ಯಾರೂ ನನ್ನನ್ನು ತಿರುಗಿ ಕೇಳಿರಲಿಲ್ಲ.

ನನ್ನ ಆ ನಗುವನ್ನು ಮುದುಕಿ ಒಳ್ಳೆಯತನವೆಂದು ತಿಳಿದಳು. ಎದ್ದು ಒಳಗೆ ಹೋಗಿ ಒಂದು ಸಣ್ಣ ಹಿತ್ತಾಳೆ ಡಬ್ಬಿ ತಂದಳು. ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ನಮಗೆ ಕೊಟ್ಟ ಚಹಾ ಕೂಡ ಬೆಲ್ಲದ್ದು. ಮುದುಕಿ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಡಬ್ಬಿಯ ಮುಚ್ಚಳ ತೆಗೆದಳು.

'ಬರಗಾಲದಾಗ ಸೈತ ಇದನ್ನ ಮುಟ್ಟಿಲ್ಲಪಾ. ಇಕಿ ಸಲುವಾಗಿ ಇಟ್ಟೇನಿ. ಇಕಿ ಮಾತಿಗೆ ಸಿಟ್ಟಾಗಲಿಲ್ಲ ನೋಡು ನೀ, ನನಗ ಅಷ್ಟ ಸಾಕು. ನಮಗ ಸುತ್ತು ಬಳಸು ಗೊತ್ತಿಲ್ಲ. ಮನಸಿಗೆ ಬಂದಿದ್ರ ತಿನ್ನು, ಇಲ್ಲಂದ್ರ ಕೈ ಮುಗದು ಹೋಗು. ನಾವೇನ ಬ್ಯಾಸರಾ ಮಾಡಕೊಳ್ಳೂದಿಲ್ಲ.'

ಕೈ ಮುಗಿದು ಹೋಗಲು ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ಕಾಕಾ ಎರಡು ಸಲ ಕೆಮ್ಮಿದ. ಚಂದ್ರಾಮ ನನ್ನ ಬೆನ್ನಿಗೆ ತಿವಿದ. ನಾನು ಶಾಂತವ್ವನನ್ನು ನೋಡಿದೆ. ಅವಳು ಈಗ ಮಾತ್ರ ತಲೆ ತಗ್ಗಿಸಿದ್ದಳು. ಕಿವಿಯ ತನಕ ಕೆಂಪೇರಿದ್ದು ಆ ಕಪ್ಪು ಬಣ್ಣದಲ್ಲೂ ಕಾಣುತ್ತಿತ್ತು. ಇನ್ನು ಜನ್ಮವಿಡೀ ನೀನು ಯಾರನ್ನೂ ಹಾಗೆ ಕೇಳಬಾರದು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಂಗೈ ಚಾಚಿದೆ. ಮುದುಕಿ ಸಕ್ಕರೆ ಹಾಕಿದಳು. ತಿಂದೆ.

ಇದನ್ನು ಬಿಡಿಸಿ ಬರೆಯಲು ಕಾರಣವಿದೆ. ಹುಡುಗಾಟ, ತಿಳಿಯದ ವಯಸ್ಸು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳು. ಉಳಿದ ಮನೆಗಳಲ್ಲಿ ಮಾಡಿದ್ದು ಹುಡುಗಾಟವಿರಬಹುದು. ಆ ಸಕ್ಕರೆಯನ್ನು ಮಾತ್ರ ನಾನು ತಿಳಿದು ತಿಂದೆ.

ಮನೆ ತುಂಬ ಒಮ್ಮೆಲೇ ಗದ್ದಲ. ಹೆಂಗಸರು ಹಾಡು ಎತ್ತಿದರು. ಬಸಲಿಂಗಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. ನಾವು ಫಟಫಟಿ ಏರುವಾಗ ಮುದುಕಿ ಆ ಡಬ್ಬಿ ಹಿಡಿದುಕೊಂಡು ಮನೆಮನೆಗೆ ಹೋಗುತ್ತಿದ್ದದ್ದು ಕಂಡಿತು. ಊರು ದಾಟಿದ ಮೇಲೆ ಕಾಕಾ ಗಾಡಿ ನಿಲ್ಲಿಸಲು ಹೇಳಿ ಇಳಿದ.

'ಅವಲಕ್ಕಿ ತಿಂದದ್ದು ಹೊಟ್ಟಿ ಸಲುವಾಗಿ. ನೀ ತಿಂದದ್ದು ಯಾತರ ಸಲುವಾಗಿ?' ಎಂದು ಕೇಳಿದ. ಬಸ್ಸಿಗೆ ಬರುತ್ತೇನೆ ಎಂದು ರಸ್ತೆಯ ಬದಿಗೆ ಕೂತುಬಿಟ್ಟ. ಬಿಟ್ಟು ಬಂದೆವು. ಅಲ್ಲಿಗೆ ಆಟ ನಿಂತಿತು. ಕಾಕಾ ಆಮೇಲೆ ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ.

ಶಿವರಾತ್ರಿಯ ಹೊತ್ತಿಗೆ, ಜೋಳದ ರಾಶಿಯ ಕಾಲದಲ್ಲಿ, ಬಸಲಿಂಗಪ್ಪ ಇಂಡಿಗೆ ಬಂದ. ಮೊದಲು ತಾಂಬಾಕ್ಕೆ ಹೋಗಿ, ಸಿದರಾಯ ಎಂಬ ವರನಿಗಾಗಿ ನಮ್ಮ ಮಂದಿಯ ಮನೆಗಳನ್ನೆಲ್ಲ ತಿರುಗಿದ್ದನಂತೆ. ಯಾರೋ, ಫಟಫಟಿ ಇದ್ದದ್ದು ಇಂಡಿಯ ಇಂಥ ಅಂಗಡಿಯಲ್ಲಿ, ಅಲ್ಲಿ ಕೇಳಿ ಎಂದಿದ್ದರು. ನಾನು ಗಾದಿಯ ಮೇಲೆ ಕೂತು ತೂಕ ಬರೆಯುತ್ತಿದ್ದೆ. ಹಮಾಲರು ಚೀಲ ಹೊರುತ್ತಿದ್ದರು. ಅವತ್ತೇ ನನ್ನ ಸೋದರಮಾವ ಶೇಂಗಾ ಮಾರಲು ಬಂದು ಸಾಹುಕಾರನ ಮಗ್ಗುಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಬಸಲಿಂಗಪ್ಪ ಅಂಗಡಿಯ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಚಂದ್ರಾಮ ಅವನನ್ನು ಕಂಡವನೇ ಹಿಂದಿನ ಕೋಣೆಗೆ ಸರಿದ. ಬಸಲಿಂಗಪ್ಪನ ಬಗಲಲ್ಲಿ ಒಂದು ಚೀಲ. ಅದರ ಬಾಯಿಯಿಂದ ಹೊಸ ಧೋತರದ ಅಂಚು, ತೆಂಗಿನಕಾಯಿಯ ಜುಟ್ಟು ಕಾಣುತ್ತಿದ್ದವು.

ನನ್ನನ್ನು ಕಂಡು ಅವನ ಮುಖ ಅರಳಿದ್ದನ್ನು ಹೇಗೆ ಹೇಳಲಿ. ಕಳೆದ ಎತ್ತು ಸಿಕ್ಕ ಹಾಗೆ.

'ಸಿದರಾಯಪ್ಪ, ನಾನ್ರಿ. ಮುದ್ದೇಬಿಹಾಳ ಬಸಲಿಂಗಪ್ಪ.'

ಸಾಹುಕಾರ ತಲೆ ಎತ್ತಿದ. ಮಾವ ಜಗಿಯುವುದನ್ನು ನಿಲ್ಲಿಸಿದ.

'ಯಾರ್ರಿ ನೀವು?' ಎಂದೆ. 'ನನ್ನ ಹೆಸರು ಸಿದರಾಯ ಅಲ್ಲ. ನಾ ಮುದ್ದೇಬಿಹಾಳ ಕಂಡಾಂವ ಅಲ್ಲ, ನಿಮ್ಮನ್ನೂ ಕಂಡಾಂವ ಅಲ್ಲ.'

ಅವನು ತಪ್ಪು ಕೇಳಿದೆನೋ ಎನ್ನುವ ಹಾಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ. ಸಕ್ಕರೆ ತಿಂದದ್ದು, ಕೇರಿಗೆ ಹಂಚಿದ್ದು, ಮಗಳಿಗೆ ಹಸಿರು ಬಳೆ ಇಡಿಸಿದ್ದು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದ. ಹೇಳುವಾಗ ಅವನ ಕಣ್ಣು ನನ್ನ ಅಂಗೈಯ ಮೇಲೆಯೇ ಇತ್ತು. ನಾನು ಕೈಯನ್ನು ತೊಡೆಯ ಕೆಳಗೆ ಸೇರಿಸಿದೆ. ಒಬ್ಬ ಹಮಾಲ ಚೀಲ ಇಳಿಸಿ, 'ಯಜಮಾನ್ರ, ಅಳಿಯಾನ ಕಳಕೊಂಡೀರೇನು? ಡಂಗುರಾ ಸಾರಸ್ರಿ, ಸಿಗತಾನ' ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕ. ಇಂವ ನನ್ನ ಅಳಿಯ, ಮುಂದಿನ ತಿಂಗಳು ಅಕ್ಷತೆ, ಬೇಕಾದರೆ ನೀವೂ ಬನ್ನಿ ಎಂದ. ನಾನೂ ನಕ್ಕೆ. ಆ ನಗುವೂ ನನ್ನದೇ.

ಬಸಲಿಂಗಪ್ಪ ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಅವನು ಒಂದು ಕೂಗು ಹಾಕಿದ್ದರೆ, ನನ್ನ ಕೊರಳಪಟ್ಟಿ ಹಿಡಿದಿದ್ದರೆ ಬಹುಶಃ ನಾನು ಒಪ್ಪಿಕೊಳ್ಳುತ್ತಿದ್ದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಎರಡೂ ಕೈ ಜೋಡಿಸಿದ.

'ತಪ್ಪಾತ್ರಿ. ನೀವಲ್ಲ ಬಿಡ್ರಿ. ಅಂವಾ ಇದ್ದಿದ್ರ ನನ್ನ ಗುರ್ತಾ ಹಿಡೀತಿದ್ದ.'

ಸಾಹುಕಾರ ನೀರು ಕೊಡಿಸಿದ. ಮುಟ್ಟಲಿಲ್ಲ. ಚಪ್ಪಲಿ ಹಾಕಿಕೊಂಡು ಬಿಸಿಲಿಗೆ ಇಳಿದು, ಬಸ್ ನಿಲ್ದಾಣದ ಕಡೆಗೆ ಹೋದ. ಚೀಲದಲ್ಲಿ ಆ ತೆಂಗಿನಕಾಯಿಯ ಜುಟ್ಟು ಅಲ್ಲಾಡುತ್ತಿದ್ದದ್ದು ತಿರುವಿನ ತನಕ ಕಂಡಿತು. ನಾನು ತೂಕ ಬರೆಯುವುದನ್ನು ಮುಂದುವರಿಸಿದೆ.

ಆಮೇಲೆ ನನ್ನ ಮದುವೆಯಾಯಿತು. ಹೆಂಡತಿ ಒಳ್ಳೆಯವಳು. ಎರಡು ಮಕ್ಕಳಾದವು. ಅವಳು ಸಾಯುವ ತನಕ ಈ ಮಾತನ್ನು ಅವಳಿಗೆ ಹೇಳಲಿಲ್ಲ. ಚಂದ್ರಾಮ ಕುಡಿದು ಕುಡಿದು ಬೇಗ ಹೋದ. ಮುದ್ದೇಬಿಹಾಳದ ಆ ಹುಡುಗಿಗೆ ಇನ್ನೊಂದು ಮನೆ ಸಿಕ್ಕಿರುತ್ತದೆ, ಮಕ್ಕಳು ಮೊಮ್ಮಕ್ಕಳು ಆಗಿರುತ್ತವೆ ಎಂದು ನಾನೇ ಕಟ್ಟಿಕೊಂಡ ಕತೆಯಲ್ಲಿ ನೆಮ್ಮದಿಯಾಗಿದ್ದೆ.

ಮೊನ್ನೆ ಆ ಒಗ್ಗರಣೆಯ ವಾಸನೆ ಬಂದ ಮೇಲೆ ಕೂರಲಾಗಲಿಲ್ಲ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ, ನಾನು ಸ್ವಲ್ಪ ಊರು ನೋಡಿ ಬರುತ್ತೇನೆ ಎಂದು ಎದ್ದೆ. ಸಂತೆ ಬಯಲು ಈಗ ಅಂಗಡಿ ಸಾಲಾಗಿದೆ. ಹಿಂದಿನ ಕೇರಿ ಹಾಗೇ ಇದೆ. ಕೊನೆಯ ಮನೆಯ ಮುಂದೆ ಗಾಣದ ಕಲ್ಲು ಅರ್ಧ ಮಣ್ಣಿನಲ್ಲಿ ಹೂತು ಬಿದ್ದಿತ್ತು. ಅದರ ಮೇಲೆ ಕೂತು ಅರವತ್ತರ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ಬಸಲಿಂಗಪ್ಪನವರ ಮನೆ ಇದೇ ಏನು ಎಂದು ಕೇಳಿದೆ. ಅವರು ಹೋಗಿ ಬಹಳ ವರ್ಷವಾಯಿತು, ಮಗಳು ಶಾಂತಕ್ಕ ಇದ್ದಾಳೆ, ಒಬ್ಬಳೇ, ಕೌದಿ ಹೊಲಿದುಕೊಂಡು ಇದ್ದಾಳೆ ಎಂದಳು. ಮದುವೆ ಎಂದು ನನ್ನ ಬಾಯಿಂದ ಬಂತು.

'ಎಲ್ಲೀದ್ರಿ ಮದಿವಿ. ನಾ ಈ ಓಣಿಗೆ ಸೊಸಿಯಾಗಿ ಬರೂಕಿಂತ ಮೊದಲಿನ ಮಾತು. ತಾಂಬಾದ ಹುಡುಗ ಒಬ್ಬಾಂವ ಬಂದು ಸಕ್ಕರಿ ತಿಂದಿದ್ದನಂತ. ಸಿದರಾಯ ಅಂತ. ಹೊಳ್ಳಿ ಊರಿಗೆ ಹೋಗೂವಾಗ ಫಟಫಟಿ ಮ್ಯಾಲಿಂದ ಬಿದ್ದು ಸತ್ತ. ಇವರಪ್ಪ ತಾಂಬಾಕ ಹೋಗಿ, ಮಣ್ಣ ಆದ ಜಾಗಾ ನೋಡಕೊಂಡು ಬಂದ. ಇಕಿ ಹಸರು ಬಳಿ ಒಡಕೊಂಡ್ಲು. ಸಕ್ಕರಿ ತಿನಿಸಿದ ದಿನಾನ ಗಂಡನ್ನ ನುಂಗಿದಾಕಿ ಅಂತ ಹೆಸರು ಬಂತ್ರಿ. ಆಮ್ಯಾಲೆ ಯಾರ ಬರ್ತಾರ?'

ನೀವು ಯಾರು ಎಂದು ಅವಳು ಕೇಳಿದಳು. ಸಿದರಾಯನ ಕಡೆಯವನು ಎಂದೆ. ನಾನೇ ಎನ್ನಲು ಆಗಲಿಲ್ಲ. ಅವಳು ಲಗುಬಗೆಯಿಂದ ಎದ್ದು, ಶಾಂತಕ್ಕ, ಸಿದರಾಯಪ್ಪನ ಕಡೆಯವರು ಬಂದಾರ ನೋಡು ಎಂದು ಕೂಗಿ, ಚಹಾ ಮಾಡಿ ತರುತ್ತೇನೆ ಎಂದು ತನ್ನ ಮನೆಗೆ ಹೋದಳು. ನಾನು ಹೊಸ್ತಿಲು ದಾಟಿದೆ.

ಪಡಸಾಲೆಯಲ್ಲಿ ಬೆಳಕಿಗೆ ಮುಖ ಮಾಡಿ ಶಾಂತವ್ವ ಕೂತಿದ್ದಳು. ಬಿಳಿ ತಲೆ, ಕನ್ನಡಕ, ತೊಡೆಯ ಮೇಲೆ ಅರ್ಧ ಹೊಲಿದ ಕೌದಿ. ನನ್ನ ಕಾಲನ್ನು ನೋಡಿದಳು, ಆಮೇಲೆ ಮುಖವನ್ನು ನೋಡಿದಳು. ಕೂರಲು ಹೇಳಿದಳು. ಕೂತೆ. ಸೂಜಿ ಮತ್ತು ದಾರವನ್ನು ನನ್ನ ಕಡೆ ಚಾಚಿದಳು.

'ನನಗ ಕಣ್ಣು ಸೂಕ್ಷ್ಮ ಕಾಣಸೂದಿಲ್ರಿ. ಇಷ್ಟು ಪೋಣಿಸಿ ಕೊಡ್ರಿ.'

ದಾರದ ತುದಿಯನ್ನು ತುಟಿಗೆ ಒತ್ತಿದೆ. ಕೈ ನಡುಗಿತು. ಮತ್ತೆ ಪ್ರಯತ್ನ ಮಾಡಿದೆ, ಮತ್ತೆ. ಅವಳು ಸುಮ್ಮನೆ ನೋಡುತ್ತಿದ್ದಳು. ಕೊನೆಗೆ ಸೂಜಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಪೋಣಿಸಿದಳು.

'ಎಡಗಾಲು ಇಡೂದು ಇನ್ನೂ ಬಿಟ್ಟಿಲ್ಲ ನೀವು,' ಎಂದಳು.

ನಾನು ಏನೇನೋ ಹೇಳಲು ಹೋದೆ. ಅವಳು ಹೊಲಿಗೆ ಹಾಕುತ್ತಲೇ ಇದ್ದಳು. ಅಪ್ಪ ಸಾಯುವ ಮುಂದೆ ನಿಜ ಹೇಳಿದ್ದ ಎಂದಳು. ವರ ಒಲ್ಲೆ ಎಂದ ಎಂದರೆ ಹುಡುಗಿಯಲ್ಲಿ ಏನೋ ಐಬು ಇದೆ ಎನ್ನುತ್ತಾರೆ, ಸತ್ತ ಎಂದರೆ ಮರುಗುತ್ತಾರೆ, ಇನ್ನೊಂದು ವರ ಬರುತ್ತದೆ ಎಂದು ಅಪ್ಪ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದ್ದನಂತೆ. ಅದು ತಿರುಗಿ ಮಗಳಿಗೇ ಬಡಿಯುತ್ತದೆ ಎಂದು ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬರುವ ಹಾಗಿರಲಿಲ್ಲ. ಪ್ರತಿ ಮಾನೌಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಸಕ್ಕರೆ ಹಾಕಿದ ಆಯಿಗೊಂದು, ಅಪ್ಪನಿಗೊಂದು, ಸಿದರಾಯನಿಗೊಂದು ಎಡೆ ಇಡುತ್ತ ಬಂದಿದ್ದಾಳೆ.

ನಿಜ ಗೊತ್ತಾದ ಮೇಲೂ ಯಾಕೆ ಎಂದು ಕೇಳಿದೆ.

'ಬಿಟ್ಟಿದ್ರ ನಮ್ಮಪ್ಪ ಸುಳ್ಳಾಗ್ತಿದ್ದ,' ಎಂದಳು.

ನನ್ನ ಹೆಸರನ್ನಾದರೂ ಹೇಳಬೇಕು ಎನಿಸಿತು. ಈ ಮನೆಯಲ್ಲಿ ಒಮ್ಮೆಯೂ ಹೇಳಿರದ ನನ್ನ ಖರೆ ಹೆಸರು. ಎದ್ದು ಕೈ ಜೋಡಿಸಿ, 'ನನ್ನ ಹೆಸರು' ಎನ್ನುವಷ್ಟರಲ್ಲಿ ಅವಳು ಸೂಜಿ ಹಿಡಿದ ಕೈಯನ್ನು ಮೇಲೆತ್ತಿದಳು.

'ಬ್ಯಾಡ್ರಿ. ಒಬ್ಬಾಂವಗ ಎಡಿ ಹಿಡದ ಸಾಕಾಗೇತಿ.'

ಅಷ್ಟರಲ್ಲಿ ಆ ಹೆಂಗಸು ಚಹಾ ತೆಗೆದುಕೊಂಡು ಬಂದಳು. ಸಿದರಾಯಪ್ಪನ ಕಡೆಯವರು ಎಂದರಲ್ಲ, ಅವನಿಗೆ ಇವರು ಏನಾಗಬೇಕಂತೆ ಎಂದು ಆಸೆಯಿಂದ ಕೇಳಿದಳು. ಶಾಂತವ್ವ ನನ್ನ ಕಡೆ ನೋಡಲಿಲ್ಲ.

'ಅಲ್ಲವಾ. ಮನಿ ತಪ್ಪಿ ಬಂದಾರ. ಇವರನ್ನ ನಾ ಕಂಡಾಕಿ ಅಲ್ಲ,' ಎಂದಳು. 'ಚಹಾ ಕೊಡು, ದೂರಿಂದ ಬಂದಂಗ ಕಾಣತಾರ.'

ಚಹಾವನ್ನು ನಾನು ಮುಟ್ಟಲಿಲ್ಲ. ಚಪ್ಪಲಿ ಹಾಕಿಕೊಂಡು ಬಿಸಿಲಿಗೆ ಇಳಿದೆ.

ಹೊಸ ಬಡಾವಣೆಯ ಆ ಮನೆಗೆ ಬಂದಾಗ ಎಲ್ಲ ಮುಗಿದು ನನ್ನ ಹಾದಿ ಕಾಯುತ್ತಿದ್ದರು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ನಮ್ಮ ಹುಡುಗ ಒಳ್ಳೆಯವನು, ಸಾಲೆಯಲ್ಲಿ ಮಾಸ್ತರ, ಎರಡು ಮಾತಿನವನಲ್ಲ. ಸ್ಟೀಲಿನ ತಟ್ಟೆಯಲ್ಲಿ ಸಕ್ಕರೆ ಬಂತು. ಹುಡುಗಿಯ ತಂದೆ ಅದನ್ನು ಮೊದಲು ನನ್ನ ಮುಂದೆ ಹಿಡಿದ. ಹಿರಿಯರು ತಿನ್ನದೆ ಉಳಿದವರು ತಿನ್ನುವ ಹಾಗಿಲ್ಲ. ಅಂಗೈ ಚಾಚಿದೆ, ಹಾಕಿದ. ಎಲ್ಲರೂ ನನ್ನ ಕೈಯನ್ನೇ ನೋಡುತ್ತ ಕೂತರು. ತಡವಾಯಿತು. ಹುಡುಗಿಯ ತಂದೆಯ ಮುಖದ ಮೇಲೆ ಒಂದು ಸಣ್ಣ ಗಾಬರಿ ಸುಳಿಯಿತು. ಅಡಿಗೆಮನೆಯ ಬಾಗಿಲಿನಲ್ಲಿ ಬಳೆಗಳ ಸಪ್ಪಳ ನಿಂತುಹೋಯಿತು.

ತಿಂದೆ. ತಿನ್ನದಿದ್ದರೆ ಆ ಬಾಗಿಲ ಮರೆಯಲ್ಲಿ ನಿಂತವಳಿಗೆ ಏನಾಗುತ್ತದೆ ಎಂಬುದು ಅಲ್ಲಿ ಕೂತ ಅಷ್ಟು ಮಂದಿಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.